ಅಂಬಾಸಿಡರ್‌ನ ಪೆಟ್ರೋಲ್, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಮೇಲೆ ಹೋಗುತ್ತಿವೆ

ಬಳ್ಳಾರಿ_ಅಂಬಿ:
ಅಪ್ಪನ ಕಾಲದ 1974ರ ಅಂಬಾಸಿಡರ್ ಇದೆ. ಈಗಲೂ ಹೊಸಪೇಟೆವರೆಗೆ ಓಡಿಸುತ್ತೇನೆ. ಕೀ ತಿರುಗಿಸಿದರೆ ಪೆಟ್ರೋಲ್ ಮುಳ್ಳು ನಿಧಾನಕ್ಕೆ ಏರುತ್ತಾ ಹೋಗಿ, ಅರ್ಧ ಟ್ಯಾಂಕ್ ಇದ್ದರೂ ಫುಲ್ ದಾಟುತ್ತದೆ. ಎಂಜಿನ್ ಬಿಸಿಯಾದರೆ ಟೆಂಪರೇಚರ್ ಮುಳ್ಳೂ ಕೆಂಪಿನ ಹತ್ತಿರ. ಆದರೆ ರೇಡಿಯೇಟರ್ ಕುದಿಯುತ್ತಿಲ್ಲ. ಸೆನ್ಸರ್ ಬದಲಾಯಿಸಿದ್ದಾಯ್ತು, ಅದೇ ಕಥೆ. ಗ್ಯಾರೇಜಿನವರು ಎರಡೂ ಮೀಟರ್ ಹೊಸದು ಹಾಕಿ ಅಂತಾರೆ. ಆ ಹಳೆಯ ಡಯಲ್ ತೆಗೆಯಲು ನನಗೆ ಮನಸ್ಸಿಲ್ಲ.

ಕೊಪ್ಪಳದ_ಫಿಯೆಟ್:
ಮೀಟರ್ ಬದಲಾಯಿಸಬೇಡಿ. ಒಳ್ಳೆ ಹಳೆ ಮೀಟರ್ ಮತ್ತೆ ಸಿಗಲ್ಲ. ಮೊದಲು ಅರ್ಥಿಂಗ್ ನೋಡಿ.

ಕೌಲ್‌ಬಜಾರ್_ವೈರಿಂಗ್:
ಎರಡು ಮೀಟರ್ ಒಂದೇ ದಿನ, ಒಂದೇ ರೀತಿ ಕೆಡುವುದಿಲ್ಲ. ಎರಡಕ್ಕೂ ಸೇರಿದ ವಸ್ತು ಕೆಟ್ಟಿದೆ ಅಂತಲೇ ಲೆಕ್ಕ. ನಿಮ್ಮ ಮುಳ್ಳು ನಿಧಾನಕ್ಕೆ ಏರುತ್ತದೆ ಅಂದ್ರಲ್ಲ, ಹಾಗಾದರೆ ಅದು ಬೈಮೆಟಲ್ ಮೀಟರ್, ಅಂದ್ರೆ ಎರಡು ಲೋಹ ಅಂಟಿಸಿದ ಪಟ್ಟಿ ಇರುವಂಥದ್ದು. ಒಳಗಿನ ಪಟ್ಟಿ ಬಿಸಿಯಾಗಿ ಬಾಗಿದಷ್ಟು ಮುಳ್ಳು ಸರಿಯುತ್ತದೆ. ಇಂಥ ಮೀಟರ್‌ಗಳಿಗೆ 12 ವೋಲ್ಟ್ ನೇರ ಕೊಡುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಜರ್. ಅದು ಕರೆಂಟನ್ನು ಕತ್ತರಿಸಿ ಕತ್ತರಿಸಿ ಸರಾಸರಿ 10 ವೋಲ್ಟ್ ಬಿಡುತ್ತದೆ.

ಆ ಡಬ್ಬಿಗೆ ಅರ್ಥಿಂಗ್ ಬರುವುದು ಅದನ್ನು ಬಿಗಿದ ಸ್ಕ್ರೂನಿಂದಲೇ. ಸ್ಕ್ರೂ ಕೆಳಗೆ ತುಕ್ಕು ಅಥವಾ ಪೇಂಟ್ ಇದ್ದರೆ ಕತ್ತರಿಸುವ ಕೆಲಸ ನಿಂತು ಪೂರ್ತಿ ಬ್ಯಾಟರಿ ವೋಲ್ಟೇಜ್ ಮೀಟರ್‌ಗೆ ಹೋಗುತ್ತದೆ. ನಮ್ಮ ಕಡೆ ಅದಿರಿನ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತೆ, ಗೊತ್ತಲ್ಲ. ಬ್ಯಾಟರಿ ವೈರ್ ಬಿಚ್ಚಿ, ಸ್ಕ್ರೂ ತೆಗೆದು, ಕೆಳಗಿನ ತಗಡನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿಯಿರಿ. ಡಿಜಿಟಲ್ ವೋಲ್ಟ್ ಮೀಟರ್ ಹಿಡಿದು ಪರೀಕ್ಷಿಸಿದರೆ ಅಂಕಿ ಕುಣಿಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಟರಿ ಮತ್ತೆ ಜೋಡಿಸಿ, ಕೀ ತಿರುಗಿಸಿ, ಡಬ್ಬಿಯಿಂದ ಮೀಟರ್‌ಗೆ ಹೋಗುವ ಕಡೆ ಸಣ್ಣ ಟೆಸ್ಟ್ ಬಲ್ಬ್ ಹಾಕಿ. ಮಿಣುಕಿದರೆ ಡಬ್ಬಿಗೆ ಜೀವ ಇದೆ. ಒಂದೇ ಸಮ ಉರಿದರೆ ಹೋಗಿದೆ.

ಹೋಗಿದ್ದರೆ 7810 ಅನ್ನೋ, ಒಂದೇ ಸಮ 10 ವೋಲ್ಟ್ ಕೊಡುವ ಮೂರು ಕಾಲಿನ ಐಸಿ ರೇಡಿಯೋ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಅಗ್ಗದ ವಸ್ತು. ಹಳೆಯ ಡಬ್ಬಿಯ ಒಳಗೇ ಕೂರಿಸಬಹುದು, ಹೊರಗಿಂದ ಯಾರಿಗೂ ಗೊತ್ತಾಗಲ್ಲ. ಬ್ಯಾಟರಿಯ ನೆಗೆಟಿವ್ ವೈರ್ ಕಾರಿನ ಲೋಹದ ಮೈಗೆ ಜೋಡಿಸಿದ್ದರೆ ಮಾತ್ರ ಇದು. ಮತ್ತೊಂದು ಮಾತು, ಮೀಟರ್ ಚೆಕ್ ಮಾಡ್ತೀನಿ ಅಂತ ಸುಮ್ನೆ ಬ್ಯಾಟರಿಗೆ ನೇರ ಕೊಡಬೇಡಿ. ಒಳಗಿನ ತಂತಿ ಕೂದಲಿನಷ್ಟು ಸಣ್ಣದು, ಸುಟ್ಟು ಹೋಗುತ್ತದೆ.

ಬಳ್ಳಾರಿ_ಅಂಬಿ:
ಸ್ಕ್ರೂ ಕೆಳಗೆ ಕೆಂಪು ತುಕ್ಕು ಪದರವೇ ಇತ್ತು! ಉಜ್ಜಿದ ಮೇಲೆ ಬಲ್ಬ್ ಮಿಣುಕಿತು, ಟೆಂಪರೇಚರ್ ಸರಿಯಾಯಿತು. ತುಂಬಾ ಥ್ಯಾಂಕ್ಸ್ ಅಣ್ಣ. ಆದರೆ ಈಗ ಫುಲ್ ಟ್ಯಾಂಕ್ ಹಾಕಿಸಿದರೂ ಪೆಟ್ರೋಲ್ ಮುಳ್ಳು ಅರ್ಧಕ್ಕೇ ನಿಲ್ಲುತ್ತೆ.

ಕೌಲ್‌ಬಜಾರ್_ವೈರಿಂಗ್:
ಈ ತೊಂದರೆ ಮೊದಲೂ ಇದ್ದಿರಬೇಕು, ಜಾಸ್ತಿ ವೋಲ್ಟೇಜ್ ಅದನ್ನು ಮುಚ್ಚಿತ್ತು. ಪೆಟ್ರೋಲ್ ಮಟ್ಟವನ್ನು ಮೀಟರ್‌ಗೆ ತಿಳಿಸುವ ಟ್ಯಾಂಕಿನ ಯೂನಿಟ್ ನೋಡಿ. ಮೊದಲು ಪೆಟ್ರೋಲ್ ಇಳಿಸಿ, ಬ್ಯಾಟರಿ ಬಿಚ್ಚಿ, ಬಯಲಲ್ಲಿ ಕೆಲಸ ಮಾಡಿ. ಅದರ ಫ್ಲೋಟ್, ಅಂದ್ರೆ ಪೆಟ್ರೋಲ್ ಮೇಲೆ ತೇಲುವ ಟೊಳ್ಳು ಬುರುಡೆ, ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿ ಮುಳುಗುತ್ತಿದೆ ಅಂತ. ಅದಕ್ಕೆ ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಬೇರೆ ಫ್ಲೋಟ್ ಹಾಕಿ. ಫ್ಲೋಟ್ ಚೆನ್ನಾಗಿದ್ದರೆ ಓಮ್ ಮೀಟರ್ (ಕರೆಂಟಿಗೆ ಇರುವ ತಡೆ ಅಳೆಯುವುದು) ಯೂನಿಟ್‌ಗೆ ಹಿಡಿದು, ಫ್ಲೋಟ್ ಇರುವ ಕಡ್ಡಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಅಂಕಿ ನಡುವೆ ಎಲ್ಲೂ ತುಂಡಾಗಬಾರದು. ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಹೊಸದೇ ಹಾಕಿ.