ಪದ ಬೇಕು: ಸ್ನ್ಯಾಪ್‌ಶಾಟ್, ಬ್ಯಾಕಪ್, ರಿಸ್ಟೋರ್ – ಬೋರ್ಡ್ ನಾಳೆ ಪ್ರಿಂಟ್‌ಗೆ ಹೋಗಬೇಕು

ಹುಬ್ಬಳ್ಳಿಯಿಂದ (ಪದ ಕೇಳಿದವರು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಇಲ್ಲಿನ ಒಂದು ಪತ್ತಿನ ಸಂಘದ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ರೂಮಿನ ಬಾಗಿಲಿಗೆ ಒಂದು ಕನ್ನಡ ಬೋರ್ಡ್ ಬೇಕು. ಸಿಬ್ಬಂದಿ ನೋಡುವ ಸ್ಕ್ರೀನಿನಲ್ಲಿ ಮೂರು ಬಟನ್ನಿಗೆ ಹೆಸರು ಬೇಕು. ಕೊಪ್ಪಿಕರ್ ರಸ್ತೆಯ ಪ್ರಿಂಟಿಂಗ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಮ್ಯಾಟರ್ ಕಳಿಸಿ ಅಂದಿದ್ದಾರೆ.

ವ್ಯವಸ್ಥೆ ಹೀಗಿದೆ. ಡೇಟಾ ಸರ್ವರ್‌ಗಳ ಒಳಗಿಲ್ಲ. ಎಲ್ಲ ಸರ್ವರ್‌ಗಳಿಗೂ ಸೇರಿ ನೆಟ್‌ವರ್ಕ್ ಮೇಲೆ ಒಂದು ಸ್ಟೋರೇಜ್ ಪೆಟ್ಟಿಗೆ ಇದೆ. ಅದು ಎರಡು ತಾಸಿಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆಯುತ್ತೆ, ಅಂದರೆ ಆ ಹೊತ್ತಿಗೆ ಡೇಟಾ ಹೇಗಿತ್ತೋ ಹಾಗೇ ಹಿಡಿದಿಡುತ್ತೆ. ರಾತ್ರಿ ಧಾರವಾಡ ಶಾಖೆಯ ಇನ್ನೊಂದು ಪೆಟ್ಟಿಗೆಗೆ ಪೂರ್ತಿ ನಕಲು ಹೋಗುತ್ತೆ. ಅದು ಬ್ಯಾಕಪ್. ಬಟನ್‌ಗಳು ಸ್ನ್ಯಾಪ್‌ಶಾಟ್, ರಿಸ್ಟೋರ್, ರಿವರ್ಟ್.

ನಾನು ಸದ್ಯಕ್ಕೆ ಕ್ಷಣಚಿತ್ರ, ಪುನಃಸ್ಥಾಪನೆ, ಪೂರ್ವಸ್ಥಿತಿ ಅಂತ ಹಾಕಿದ್ದೇನೆ. ಕ್ಲಾರ್ಕ್ ಅಕ್ಕಾವ್ರು ನೋಡಿ, "ಇದರಾಗ ಫೋಟೋನೂ ತೆಗೀಬಹುದೇನ್ರೀ?" ಅಂದರು. ಎರಡನೆಯದನ್ನು ಓದಿ ಗುಡಿಯ ಕಾರ್ಯಕ್ರಮ ಅಂದುಕೊಂಡರಂತೆ. ಬೇರೆ ಪದ ಕೊಡಿ, ಪುಣ್ಯ ಬರುತ್ತೆ.

ಧಾರವಾಡದಿಂದ:

ತಮ್ಮಾ, ಕ್ಷಣಚಿತ್ರ ಹುಟ್ಟುವಾಗಲೇ ಸತ್ತ ಪದ. ಬಿಡು. ನಮ್ಮ ಭಾಗದಲ್ಲಿ ಇದಕ್ಕೆ ಪದ ಮೊದಲಿಂದ ಇದೆ: ಉತಾರ.

ಮರಾಠಿಯ ಉತಾರಾ ನಮ್ಮಲ್ಲಿ ಉತಾರ ಆಗಿದೆ. ಇಳಿಸಿಕೊಂಡದ್ದು, ಅಂದರೆ ಮೂಲ ದಫ್ತರ ನೋಡಿ ಬರೆದುಕೊಂಡದ್ದು. 1956ರ ತನಕ ನಾವು ಮುಂಬಯಿ ಆಡಳಿತದಲ್ಲಿದ್ದೆವು, ಕಂದಾಯದ ಮಾತು ಆ ಕಡೆಯಿಂದ ಬಂತು. ಪಹಣಿ ಶುದ್ಧ ಕನ್ನಡ ಅಂತ ತಿಳಿದವರಿಗೂ ಹೇಳಿಬಿಡುತ್ತೇನೆ, ಅದೂ ಮರಾಠಿಯೇ. ಪಾಹಣೆ ಅಂದರೆ ನೋಡುವುದು. ಭೂಮಿ ತಂತ್ರಾಂಶ ಬಂದು ಎಲ್ಲ ಕಂಪ್ಯೂಟರ್ ಆದಮೇಲೂ ನಮ್ಮ ಮಂದಿ "ಹೊಲದ ಉತಾರ ತಗೊಂಡ್ ಬಾ" ಅಂತಲೇ ಹೇಳುತ್ತಾರೆ. ಹೊಲ ಆ ದಿನಕ್ಕೆ ಯಾರ ಹೆಸರಿಗಿದೆ, ಬೋಜಾ ಎಷ್ಟಿದೆ, ಎಲ್ಲ ಅದರಲ್ಲಿ ಇರುತ್ತೆ. ನಾಳೆ ದಫ್ತರದಲ್ಲಿ ಹೆಸರು ಬದಲಾಗಬಹುದು. ಕೈಯಲ್ಲಿರುವ ಉತಾರ ಬದಲಾಗಲ್ಲ. ಸ್ನ್ಯಾಪ್‌ಶಾಟ್ ಅಂದರೂ ಇದೇ ತಾನೇ? ಮುಗೀತು.

ಗದಗದಿಂದ:

ಇಂಗ್ಲಿಶ್ ಬೇಡ ಅಂತ ಮರಾಟಿ ತರೋದು ಯಾವ ನ್ಯಾಯ? ಸ್ನ್ಯಾಪ್‌ಶಾಟ್‌ಗೆ ಚಣತಿಟ್ಟ, ತಿಟ್ಟ ಅಂದರೆ ಚಿತ್ರ. ಬ್ಯಾಕಪ್ಪಿಗೆ ಕಾಪುನಕಲು. ರಿಸ್ಟೋರ್‌ಗೆ ಮರುಪಡೆ. ಕನ್ನಡದ ಬೇರುಗಳೇ ಸಾಕು, ಯಾರ ಹತ್ತಿರವೂ ಕೈ ಚಾಚಬೇಕಿಲ್ಲ. ಅರ‍್ತ ಆಗಲ್ಲ ಅನ್ನೋರು ನಾಲ್ಕು ದಿನ ಬಳಸಿ ನೋಡಲಿ.

ಧಾರವಾಡದಿಂದ:

ಚಣ ಅನ್ನುವುದು ಕ್ಷಣದ ತದ್ಭವ. ನಕಲು ಅರಬ್ಬಿ. ಮಹಾಪ್ರಾಣ ಕಿತ್ತು ಹಾಕಿದ ಕೂಡಲೇ ಅಚ್ಚಗನ್ನಡ ಆಗುವುದಿಲ್ಲ. ಇನ್ನು ತಿಟ್ಟು ಅಂದರೆ ದಿಬ್ಬ. ಸರ್ವರ್ ರೂಮಿನಲ್ಲಿ ಒಂದು ಕ್ಷಣದ ದಿಬ್ಬ ಯಾಕೆ ಬೇಕು?

ಹಾವೇರಿಯಿಂದ:

ನನ್ನ ಕೆಲಸವೇ ಸ್ಟೋರೇಜ್. ಹಾಗಾಗಿ ಬಾಯಿ ಹಾಕುತ್ತಿದ್ದೇನೆ. ಮಾಸ್ತರೇ, ಉತಾರ ಚೆಂದದ ಪದ. ಆದರೆ ಸ್ನ್ಯಾಪ್‌ಶಾಟ್‌ಗೆ ಕೂಡಲ್ಲ. ಸುಮ್ನೆ ಕೂಡಲ್ಲ ಅಂತಲ್ಲ, ಡೇಟಾ ಕಳೆಯುವಷ್ಟು ಕೂಡಲ್ಲ.

ಉತಾರ ಬೇರೆ ಕಾಗದ. ಕಚೇರಿಗೆ ಬೆಂಕಿ ಬಿದ್ದರೂ ರೈತನ ಟ್ರಂಕಿನಲ್ಲಿ ಉಳಿಯುತ್ತೆ. ಸ್ನ್ಯಾಪ್‌ಶಾಟ್ ತೆಗೆಯುವಾಗ ಯಾವುದರ ನಕಲೂ ಆಗುವುದಿಲ್ಲ. ಟಿಬಿಗಟ್ಟಲೆ ಇರುವ ವಾಲ್ಯೂಮಿನ (ಸ್ಟೋರೇಜಿನ ಒಂದು ವಿಭಾಗದ) ಸ್ನ್ಯಾಪ್‌ಶಾಟ್ ಒಂದೆರಡು ಸೆಕೆಂಡಿನಲ್ಲಿ ಮುಗಿಯುವುದು ಅದಕ್ಕೇ. ವಾಲ್ಯೂಮ್ ತುಂಬಾ ಸಣ್ಣ ಸಣ್ಣ ಬ್ಲಾಕ್‌ಗಳು. ಯಾವ ಫೈಲಿನ ಯಾವ ತುಂಡು ಯಾವ ಬ್ಲಾಕಿನಲ್ಲಿದೆ ಅನ್ನುವ ಒಂದು ಪಟ್ಟಿ ಇರುತ್ತೆ. ಸ್ನ್ಯಾಪ್‌ಶಾಟ್ ಅಂದರೆ ಆ ಪಟ್ಟಿಯನ್ನು ಹಾಗೇ ಹಿಡಿದಿಡುವುದು, ಅಷ್ಟೇ.

ಆಮೇಲೆ ಯಾರಾದರೂ ಒಂದು ಬ್ಲಾಕ್ ಬದಲಿಸಿದಾಗ ಕೆಲಸ ಶುರು. ಲಿನಕ್ಸಿನಲ್ಲಿ ಡಿಸ್ಕ್ ಜಾಗ ನಿಭಾಯಿಸುವ ಎಲ್‌ವಿಎಂನ ಹಳೇ ಬಗೆಯ ಸ್ನ್ಯಾಪ್‌ಶಾಟ್ ಆದರೆ, ಹಳೆಯ ಬ್ಲಾಕನ್ನು ಪಕ್ಕದ ಜಾಗಕ್ಕೆ ಎತ್ತಿಟ್ಟು ಆಮೇಲೆ ಹೊಸದನ್ನು ಬರೆಯುತ್ತೆ. ಆ ಪಕ್ಕದ ಜಾಗ ತುಂಬಿದರೆ ಸ್ನ್ಯಾಪ್‌ಶಾಟೇ ಕೆಟ್ಟುಹೋಗುತ್ತೆ. ನೆಟ್‌ಆ್ಯಪ್, ಝಡ್‌ಎಫ್‌ಎಸ್ ಅನ್ನುವ ಸ್ಟೋರೇಜ್ ವ್ಯವಸ್ಥೆಗಳ ರೀತಿ ಬೇರೆ. ಹಳೆಯದನ್ನು ಮುಟ್ಟುವುದೇ ಇಲ್ಲ, ಹೊಸದನ್ನು ಹೊಸ ಜಾಗದಲ್ಲಿ ಬರೆಯುತ್ತವೆ. ಯಾವ ರೀತಿಯಾದರೂ ಬದಲಾಗದ ಬ್ಲಾಕ್‌ಗಳು ಮೂಲಕ್ಕೂ ಸ್ನ್ಯಾಪ್‌ಶಾಟಿಗೂ ಒಂದೇ. ಪೆಟ್ಟಿಗೆ ಸುಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ಈಗ ಸ್ಕ್ರೀನಿನಲ್ಲಿ ಉತಾರ ಅಂತ ಬರೆದರೆ ಏನಾಗುತ್ತೆ? ಕ್ಲಾರ್ಕ್ ಅಕ್ಕಾವ್ರು ದಿನಾ ಇಷ್ಟೊಂದು ಉತಾರ ಆಗಿವೆ, ಇನ್ನು ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ರಾತ್ರಿ ಧಾರವಾಡಕ್ಕೆ ಹೋಗುವ ನಕಲು ವಾರದಿಂದ ನಿಂತಿದ್ದರೂ ಯಾರೂ ಕೇಳಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಡೆ ಅಂತ ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. ಆ ಲೆಕ್ಕಕ್ಕೆ ಸ್ನ್ಯಾಪ್‌ಶಾಟ್ ಬರುವುದೇ ಇಲ್ಲ. ಉತಾರ ಬೇಕೇ ಬೇಕು ಅಂದರೆ ಬ್ಯಾಕಪ್ಪಿಗೆ ಇಡಿ.

ಇನ್ನೊಂದು ಮಾತು, ಇದು ಜಾಸ್ತಿ ಅಪಾಯದ್ದು. ರಿಸ್ಟೋರ್, ರಿವರ್ಟ್ ಎರಡಕ್ಕೂ ನೀವು ಒಂದೇ ಥರದ ಭಾರೀ ಪದ ಹಾಕಿದ್ದೀರಿ. ಒಬ್ಬರ ಸಾಲದ ಪಟ್ಟಿ ಅಳಿಸಿಹೋಯಿತು ಅಂತ ಇಟ್ಟುಕೊಳ್ಳಿ. ಹನ್ನೊಂದರ ಸ್ನ್ಯಾಪ್‌ಶಾಟ್ ತೆರೆದು ಆ ಫೈಲ್ ಒಂದನ್ನೇ ತಂದುಕೊಂಡರೆ ಅದು ರಿಸ್ಟೋರ್. ರಿವರ್ಟ್ ಒತ್ತಿದರೆ ಇಡೀ ವಾಲ್ಯೂಮ್ ಹನ್ನೊಂದಕ್ಕೆ ಹೋಗುತ್ತೆ. ಹನ್ನೊಂದರಿಂದ ಎರಡರ ತನಕ ಕೌಂಟರಿನಲ್ಲಿ ಕಟ್ಟಿಸಿಕೊಂಡ ಕಂತುಗಳ ಲೆಕ್ಕ ಪೂರಾ ಹೋಯಿತು. ಝಡ್‌ಎಫ್‌ಎಸ್‌ನಲ್ಲಿ ಹಳೇ ಸ್ನ್ಯಾಪ್‌ಶಾಟಿಗೆ ಹೋಗಬೇಕಾದರೆ ನಡುವಿನ ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸಲೇಬೇಕು, ಮನಸ್ಸು ಬದಲಾಯಿಸಲಿಕ್ಕೂ ದಾರಿ ಉಳಿಯಲ್ಲ. ಪೂರ್ವಸ್ಥಿತಿ ಅಂದರೆ ಕೇಳಲಿಕ್ಕೆ ಎಷ್ಟು ಹಿತ, ಅಲ್ವಾ? ಫೈಲ್ ಕಳೆದುಕೊಂಡು ಗಾಬರಿಯಲ್ಲಿರುವವರು ಮೊದಲು ಒತ್ತುವುದೇ ಅದನ್ನು. ಆ ಬಟನ್ನಿಗೆ ಹೆದರಿಕೆ ಹುಟ್ಟಿಸುವ ಮಾತು ಬೇಕು.

ಗದಗದಿಂದ:

ಒಳಗೇ ಇರುತ್ತೆ ಅನ್ನೋದಾದರೆ ಒಳತಿಟ್ಟ. ಚಣ ಬಿಟ್ಟಿದ್ದೇನೆ. ಈಗ ಸರಿಯಾ?

ಧಾರವಾಡದಿಂದ:

ಹಾವೇರಿ ಅಕ್ಕಾವ್ರು ಹೇಳಿದ್ದು ತಿಳಿಯಿತು. ಉತಾರ ಬ್ಯಾಕಪ್ಪಿಗೆ ಇರಲಿ, ನನಗೇನೂ ನಷ್ಟವಿಲ್ಲ. ಆದರೆ ಒಂದು ಮಾತು ಹೇಳದೇ ಬಿಡಲ್ಲ. ಸ್ನ್ಯಾಪ್‌ಶಾಟ್ ಅನ್ನುವುದು ಮೊದಲು ಬಂದೂಕಿನ ಮಾತು. ಗುರಿ ಹಿಡಿಯದೆ ಗಡಿಬಿಡಿಯಲ್ಲಿ ಹಾರಿಸಿದ ಗುಂಡು. 1860ರಲ್ಲಿ ಜಾನ್ ಹರ್ಷೆಲ್ ಅದನ್ನು ಫೋಟೋಕ್ಕೆ ಎಳೆದು ತಂದ. ಫೋಟೋದಿಂದ ಕಂಪ್ಯೂಟರಿನವರು ಡಿಸ್ಕಿಗೆ ಎಳೆದರು. ಇಂಗ್ಲಿಷಿನವರು ಬೇಟೆಯ ಮಾತನ್ನು ಡಿಸ್ಕಿಗೆ ತಂದರೆ ಯಾರೂ ಕೂಡಲ್ಲ ಅನ್ನಲಿಲ್ಲ. ನಾವು ಹೊಲದ ಮಾತು ತಂದ ಕೂಡಲೇ ತಕರಾರು.

ಹುಬ್ಬಳ್ಳಿಯಿಂದ (ಇನ್ನೊಬ್ಬರು):

ತಕರಾರು ಅರಬ್ಬಿ, ಮಾಸ್ತರೇ.

ಎಲ್ಲರೂ ಯಾಕೆ ಇಷ್ಟು ಕಷ್ಟಪಡುತ್ತೀರಿ? ಸರ್ವರ್ ಕೆಲಸದ ಹುಡುಗರು "ಸ್ನ್ಯಾಪ್ ತಗೊಂಡೇನಲೇ?" ಅಂತಾರೆ. ಬ್ಯಾಕಪ್ ಅನ್ನುವುದು ಮೊಬೈಲ್ ಇಟ್ಟವರಿಗೆಲ್ಲ ಗೊತ್ತು. ಹಾಗೇ ಬರೀರಿ. ಪಗಾರ ಪೋರ್ಚುಗೀಸರದು, ತಿಂಗಳ ಕೊನೆಗೆ ತಗೊಳ್ಳುವಾಗ ಯಾರೂ ಮೂಲ ಕೇಳಲ್ಲ. ಬಟಾಟಿಯೂ ಅವರದೇ. ದವಾಖಾನೆಯಲ್ಲಿ ಅರಬ್ಬಿ ಅರ್ಧ, ಪಾರ್ಸಿ ಅರ್ಧ. ಇವಿಷ್ಟು ತೆಗೆದರೆ ನಮ್ಮ ಊರಲ್ಲಿ ಮಾತೇ ನಿಲ್ಲುತ್ತೆ.

ಗದಗದಿಂದ:

ಇದು ಸೋತವರ ಮಾತು. ಅವು ಬಂದಾಗ ನಮಗೆ ಆಯ್ಕೆ ಇರಲಿಲ್ಲ. ಈಗ ಇದೆ. ಇಮೇಲ್‌ಗೆ ಮಿಂಚಂಚೆ ಅಂದಾಗಲೂ ಎಲ್ಲರೂ ನಕ್ಕರು, ಈಗ ಈ ಗುಂಪಲ್ಲೇ ಎಶ್ಟೋ ಜನ ಬಳಸ್ತಾರೆ.

ಹುಬ್ಬಳ್ಳಿಯಿಂದ (ಇನ್ನೊಬ್ಬರು):

ಈ ಗುಂಪಲ್ಲೇ ಬಳಸ್ತಾರೆ. ಅದೇ ನಾನು ಹೇಳ್ತಿರೋದು.

ಹಾವೇರಿಯಿಂದ:

ಜಗಳ ಆಮೇಲೆ ಆಡೋಣ, ಪಾಪ ಅವರ ಬೋರ್ಡ್ ನಾಳೆ ಇದೆ. ಸ್ನ್ಯಾಪ್‌ಶಾಟ್, ಬ್ಯಾಕಪ್ ಎರಡನ್ನೂ ಹಾಗೇ ಬಿಡಿ. ಎರಡೂ ಬೇರೆ ಅಂತ ತಿಳಿದರೆ ಸಾಕು. ಅದನ್ನು ಹೆಸರಲ್ಲಿ ತುಂಬುವ ಬದಲು ಬೋರ್ಡಿನಲ್ಲೇ ಒಂದು ಸಾಲು ಬರೀರಿ: ಸ್ನ್ಯಾಪ್‌ಶಾಟ್ ಇದೇ ಪೆಟ್ಟಿಗೆಯಲ್ಲಿದೆ, ಬ್ಯಾಕಪ್ ಧಾರವಾಡದಲ್ಲಿದೆ. ಬಟನ್ನಿಗೆ ನಾಮಪದ ಬೇಡ, ಕ್ರಿಯಾಪದ ಹಾಕಿ. "ಈಗಿನದನ್ನು ಹಿಡಿದಿಡು", "ಒಂದು ಫೈಲ್ ವಾಪಸ್ ತಗೋ", "ಎಲ್ಲರದ್ದೂ ಹಿಂದಕ್ಕೆ ಒಯ್ಯಿ". ಮೂರನೆಯದನ್ನು ಕೆಂಪು ಬಣ್ಣದಲ್ಲಿ ಕೊಡಿ. ಕೆಳಗೆ "ಈ ಹೊತ್ತಿನ ನಂತರದ ಎಲ್ಲರ ಕೆಲಸ ಹೋಗುತ್ತದೆ" ಅಂತ ಬರಲಿ, ಪಕ್ಕದಲ್ಲಿ ಹೊತ್ತು ಕಾಣಲಿ.

ಗದಗದಿಂದ:

ವಾಪಸ್ ಪಾರ್ಸಿ. ಮರಳಿ ಅಂತ ಇದೆಯಲ್ಲ.

ಧಾರವಾಡದಿಂದ:

ವಾಪಸ್ ಇರಲಿ, ತಗೋ ಅಂದರೇನು? ಹಿರಿಯ ಸಿಬ್ಬಂದಿಗೆ ಒಂದು ಯಂತ್ರ ಏಕವಚನದಲ್ಲಿ ಹೇಳುವುದೇ? ತಗೊಳ್ಳಿ, ಒಯ್ಯಿರಿ ಅಂತ ಆಗಬೇಕು.

ಹಾವೇರಿಯಿಂದ:

ಮಾಸ್ತರೇ, ಬಟನ್ನಿನಲ್ಲಿ ಮಾತಾಡುವವರು ಸಿಬ್ಬಂದಿ, ಕೇಳುವುದು ಯಂತ್ರ. ಯಂತ್ರಕ್ಕೆ ಬಹುವಚನ ಯಾಕೆ? ಬೋರ್ಡಿನಲ್ಲಿ ಮಾತ್ರ ನಾವು ಸಿಬ್ಬಂದಿಗೆ ಹೇಳುತ್ತೇವೆ, ಅಲ್ಲಿ ಮಾಡಿ, ಒತ್ತಬೇಡಿ ಅಂತಲೇ ಇರಲಿ.

ಧಾರವಾಡದಿಂದ:

ಓದುವವರು ಯಂತ್ರ ಅಲ್ಲವಲ್ಲ. ನನಗೆ ಒಪ್ಪಿಗೆ ಇಲ್ಲ. ಬೇಕಾದ್ದು ಮಾಡಿಕೊಳ್ಳಿ.

ಹುಬ್ಬಳ್ಳಿಯಿಂದ (ಪದ ಕೇಳಿದವರು):

ಎಲ್ಲರಿಗೂ ಉಪಕಾರ ಆಯಿತು. ಹಾವೇರಿ ಅಕ್ಕಾವ್ರು ಹೇಳಿದ ಹಾಗೇ ಹಾಕುತ್ತಿದ್ದೇನೆ. ಮಾಸ್ತರ ಮಾತಿಗೆ ಒಯ್ಯಿ, ತಗೋ ಎರಡನ್ನೂ ಬಿಟ್ಟೆ. "ಒಂದೇ ಫೈಲ್ ವಾಪಸ್", "ಎಲ್ಲರದ್ದೂ ಹಿಂದಕ್ಕೆ" ಅಷ್ಟೇ. ಬಟನ್ನಿನಲ್ಲಿ ಜಾಗವೂ ಅಷ್ಟೇ ಇರುವುದು. ಬೋರ್ಡಿಗೆ ಮ್ಯಾಟರ್ ಇದು:

ಸ್ನ್ಯಾಪ್‌ಶಾಟ್ ಇದೇ ಪೆಟ್ಟಿಗೆಯಲ್ಲಿದೆ. ಬ್ಯಾಕಪ್ ಧಾರವಾಡದಲ್ಲಿದೆ. ಕೆಂಪು ಬಟನ್ ಒತ್ತುವ ಮೊದಲು ಫೋನ್ ಮಾಡಿ.

ಹುಬ್ಬಳ್ಳಿಯಿಂದ (ಇನ್ನೊಬ್ಬರು):

ಪ್ರಿಂಟ್‌ಗೆ ಕೊಡುವ ಮುಂಚೆ ಅಂಗಡಿಯಲ್ಲಿ ಸ್ಕ್ರೀನ್ ನೋಡಿ. ನೀವು ಯೂನಿಕೋಡಿನಲ್ಲಿ ಕಳಿಸಿದ್ದನ್ನು ಅವರು ನುಡಿ ಫಾಂಟಿಗೆ ಬದಲಿಸುವಾಗ ಎರಡು ಅಕ್ಷರಗಳ ನಡುವೆ ಇರುವ, ಕಣ್ಣಿಗೆ ಕಾಣದ ಬೇರ್ಪಡಿಸುವ ಗುರುತು ಬಿಟ್ಟುಹೋದರೆ ಪಕಾರದ ಕೆಳಗೆ ಶಕಾರದ ಒತ್ತು ಬೀಳುತ್ತೆ, ಸ್ನ್ಯಾಪ್ಶಾಟ್ ಅಂತ. ಪಿಡಿಎಫ್ ಮಾಡಿ ಕಳಿಸಿದರೆ ಈ ತಾಪತ್ರಯ ಇಲ್ಲ.

ಗದಗದಿಂದ:

ಒಳತಿಟ್ಟ ಅಂದಿದ್ದರೆ ಈ ತೊಂದರೆ ಬರ‍್ತಿರಲಿಲ್ಲ.