ಜರ್ಮನಿಯಿಂದ ಸ್ಯಾಕ್ಸೋಫೋನ್ ತರಿಸಿದ್ರೆ ಕೊನೆಗೆ ಎಷ್ಟು ಬೀಳುತ್ತೆ?

ಡೊಂಬಿವಲಿ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವು ಮೂಲ ಮೂಡುಬಿದಿರೆ ಕಡೆಯವರು, ಈಗ ಡೊಂಬಿವಲಿ. ಮಗ ಹನ್ನೊಂದನೇ ಕ್ಲಾಸು, ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾನೆ. ನಮ್ಮ ಕಡೆ ಮದುವೆ, ಜಾತ್ರೆ ಅಂದ್ರೆ ಸ್ಯಾಕ್ಸೋಫೋನ್ ಇರಲೇಬೇಕು, ನಿಮಗೆ ಗೊತ್ತಲ್ವಾ. ಕದ್ರಿ ಗೋಪಾಲನಾಥರ ಕ್ಯಾಸೆಟ್ ದಿನಾ ಹಾಕುತ್ತಿದ್ದ ಮನೆ ನಮ್ಮದು. ಇವನಿಗೆ ಹುಚ್ಚು ಹಿಡಿದದ್ದೂ ಅಲ್ಲಿಂದಲೇ.

ಈಗ ಇರೋದು ಒಬ್ಬ ಬ್ಯಾಂಡಿನವರಿಂದ ಕೊಂಡ ಹಳೇ ವಾದ್ಯ. ಮೇಲಿನ ಸ್ವರ ಚೆನ್ನಾಗಿ ಬರುತ್ತೆ. ಕೆಳಗೆ ಇಳಿದರೆ ಬುಸ್ ಅಂತ ಬರೀ ಗಾಳಿ. ಪ್ಯಾಡ್ (ತೂತು ಮುಚ್ಚೋ ಮೆತ್ತೆ) ಬದಲಾಯಿಸಿದ ಮೇಲೆ ಸ್ವಲ್ಪ ದಿನ ಸರಿಯಿತ್ತು, ಆಮೇಲೆ ಮತ್ತೆ ಅದೇ ಕಥೆ. "ಇದಕ್ಕೆ ಇನ್ನು ದುಡ್ಡು ಸುರೀಬೇಡಿ, ಒಳ್ಳೆ ಆಲ್ಟೋ ಸ್ಯಾಕ್ಸೋಫೋನ್ ಒಂದು ತಗೊಳ್ಳಿ" ಅಂತ ಗುರುಗಳು ಹೇಳಿಬಿಟ್ಟರು.

ಜರ್ಮನಿಯ ಒಂದು ದೊಡ್ಡ ಅಂಗಡಿಯ ವೆಬ್‌ಸೈಟಿನಲ್ಲಿ ಯಮಹಾ ಆಲ್ಟೋ ನೋಡಿದೆ. ದೇಶದ ಜಾಗದಲ್ಲಿ ಇಂಡಿಯಾ ಅಂತ ಹಾಕಿದ ಕೂಡಲೇ ಬೆಲೆ ಸುಮಾರು ಇಳಿಯಿತು! ಖುಷಿಯಾಯ್ತು. ಆದರೆ ಕೆಳಗೆ ಶಿಪ್ಪಿಂಗ್ ನೋಡಿದರೆ ಎದೆ ಧಸಕ್ಕೆಂದಿತು. ಅದರ ಮೇಲೆ ಕಸ್ಟಮ್ಸ್ ಬೇರೆ.

ಆಫೀಸಿನಲ್ಲಿ ಒಬ್ಬರು "ಗಿಫ್ಟ್ ಅಂತ ಬರೆಸಿ, ಡ್ಯೂಟಿ ಬೀಳಲ್ಲ" ಅಂತಾರೆ. ಇನ್ನೊಬ್ಬರು "ಜಪಾನಿನಿಂದ ಸೆಕೆಂಡ್ ಹ್ಯಾಂಡ್ ತರಿಸಿ, ಅಗ್ಗ" ಅಂತಾರೆ. ನಮ್ಮ ಅಕ್ಕನ ಮಗ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ. ಅವನ ಕೈಲಿ ತರಿಸೋದು ಒಳ್ಳೇದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕೋಥ್ರೂಡ್ ಗಿಟಾರು:

ಸರ್, ನಾನು ಅಮೆರಿಕದಿಂದ ಗಿಟಾರ್ ತರಿಸಿದವನು. ಡ್ಯೂಟಿ ಬೀಳುತ್ತೆ ಅಂತ ಗೊತ್ತಿತ್ತು, ಅದಕ್ಕೆ ಬೇಜಾರಿಲ್ಲ. ಹೊಟ್ಟೆ ಉರಿಸಿದ್ದು ಕೊರಿಯರಿನವರ ಬಿಲ್ಲು. ನಮ್ಮ ಪರವಾಗಿ ಡ್ಯೂಟಿ ಕಟ್ಟಿದ್ದಕ್ಕೆ ಒಂದು ಫೀ, ಕ್ಲಿಯರೆನ್ಸಿಗೆ ಇನ್ನೊಂದು ಫೀ, ಆ ಫೀಗಳ ಮೇಲೆ 18% ಜಿಎಸ್‌ಟಿ. ಪಾರ್ಸೆಲ್ ಮುಂಬೈಯಲ್ಲಿ ಇಳಿದ ಮೇಲೆ ಕೆವೈಸಿ ಕೊಡಿ ಅಂತ ಮೆಸೇಜ್ ಬಂತು. ಆಧಾರ್ ಕಳಿಸಿದೆ. ಆಧಾರಿನಲ್ಲಿ ಊರಿನ ವಿಳಾಸ, ಪಾರ್ಸೆಲ್ ಮೇಲೆ ಪುಣೆ ವಿಳಾಸ, ಅದಕ್ಕೆ ತಕರಾರು. ವಿಳಾಸದ ಪುರಾವೆ ಕಳಿಸೋವರೆಗೆ ಗಿಟಾರ್ ಅಲ್ಲೇ ಕೂತಿತ್ತು. ನಿಮ್ಮ ಕಾಗದಪತ್ರ ಮೊದಲೇ ತಯಾರು ಮಾಡಿಟ್ಟುಕೊಳ್ಳಿ.

ಕಾರ್ಡಿನಲ್ಲಿ ಯೂರೋ ಕೊಟ್ಟರೆ ಬ್ಯಾಂಕಿನವರೂ ತಮ್ಮ ಪಾಲು ಸೇರಿಸುತ್ತಾರೆ. ಸಾಮಾನ್ಯವಾಗಿ 3.5%, ಅದರ ಮೇಲೂ ಜಿಎಸ್‌ಟಿ. ಇದನ್ನು ಯಾರೂ ಲೆಕ್ಕ ಹಾಕಲ್ಲ.

ಸಹಾರ್ ಗುಮಾಸ್ತ:

ಡೊಂಬಿವಲಿಯವರೇ, ನಾನು ಇದೇ ಲೈನಿನವನು. ಮುಂಬೈ ಏರ್‌ಪೋರ್ಟಿನ ಸಹಾರ್ ಏರ್ ಕಾರ್ಗೋ ಹತ್ತಿರ ಕಸ್ಟಮ್ಸ್ ಬ್ರೋಕರ್ ಆಫೀಸಿನಲ್ಲಿ ಕೆಲಸ, ಹೊರಗಿಂದ ಬಂದ ಮಾಲು ಬಿಡಿಸಿಕೊಡೋರು ನಾವು. ಹಳಬರು ಈಗಲೂ ಸಿಎಚ್‌ಎ (ಕಸ್ಟಮ್ ಹೌಸ್ ಏಜೆಂಟ್) ಅಂತಲೇ ಅನ್ನೋದು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಶಿಪ್ಪಿಂಗ್. ಏರ್ ಕೊರಿಯರಿನವರು ತೂಕ ಮಾತ್ರ ನೋಡಲ್ಲ, ಡಬ್ಬದ ಸೈಜೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆಲ್ಟೋ ಕೇಸನ್ನು ಇನ್ನೊಂದು ರಟ್ಟಿನ ಡಬ್ಬದಲ್ಲಿಟ್ಟರೆ 75, 40, 35 ಸೆಂ.ಮೀ. ಆಗುತ್ತೆ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿ, 21 ಕಿಲೋ. ಒಳಗಿನ ಮಾಲು ಕೇಸು ಸಮೇತ ಏಳೆಂಟು ಕಿಲೋ ಇರಬಹುದು, ಆದರೆ ದುಡ್ಡು ಕೊಡೋದು 21ಕ್ಕೆ. ನಿಮ್ಮ ಎದೆ ಧಸಕ್ಕೆಂದದ್ದು ಇದಕ್ಕೇ. ಹಾಗಂತ ಡಬ್ಬ ಚಿಕ್ಕದು ಮಾಡಿ ಅನ್ನಬೇಡಿ. ಸ್ಯಾಕ್ಸೋಫೋನಿಗೆ ಎರಡು ಡಬ್ಬ ಬೇಕೇ ಬೇಕು.

ಇನ್ನು ಡ್ಯೂಟಿ. ತುಂಬಾ ಜನ ವಾದ್ಯದ ಬೆಲೆ ಮೇಲೆ ಮಾತ್ರ ಅಂದುಕೊಳ್ಳುತ್ತಾರೆ. ಅಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಸೇರಿಸಿ ಅದರ ಮೇಲೆ. ಇದರಲ್ಲಿ ನಿಮಗೆ ಒಂದು ಅನುಕೂಲ ಇದೆ. ವಿಮಾನದಲ್ಲಿ ಬಂದ ಮಾಲಿಗೆ ಸಾಗಣೆ ಖರ್ಚನ್ನು ಮಾಲಿನ ಬೆಲೆಯ 20%ಗಿಂತ ಜಾಸ್ತಿ ಹಿಡಿಯೋ ಹಾಗಿಲ್ಲ. 2007ರ ಕಸ್ಟಮ್ಸ್ ವ್ಯಾಲ್ಯುಯೇಶನ್ (ಬೆಲೆ ಕಟ್ಟೋ) ನಿಯಮದಲ್ಲೇ ಇದೆ. ವಿಮೆ ಎಷ್ಟು ಅಂತ ಕಾಗದದಲ್ಲಿ ಇಲ್ಲದಿದ್ದರೆ ಮಾಲಿನ ಬೆಲೆಯ 1.125% ಸೇರಿಸುತ್ತಾರೆ.

ವಾದ್ಯ ₹1,00,000, ಶಿಪ್ಪಿಂಗ್ ₹26,000 ಅಂತಿಟ್ಟುಕೊಳ್ಳೋಣ. ಶಿಪ್ಪಿಂಗ್ ₹20,000ಕ್ಕೆ ನಿಲ್ಲುತ್ತೆ. ವಿಮೆ ₹1,125. ಒಟ್ಟು ₹1,21,125. ಬೇಸಿಕ್ ಡ್ಯೂಟಿ 10% ಅಂತ ಹಿಡಿದರೆ ₹12,112. ಆ ಡ್ಯೂಟಿ ಮೇಲೆ ಸೋಶಿಯಲ್ ವೆಲ್ಫೇರ್ ಸರ್‌ಚಾರ್ಜ್ 10%, ಅಂದ್ರೆ ₹1,211. ಇಷ್ಟೂ ಕೂಡಿಸಿ ಬಂದ ₹1,34,448ರ ಮೇಲೆ ಐಜಿಎಸ್‌ಟಿ, ಅಂದ್ರೆ ಆಮದಿಗೆ ಬೀಳೋ ಜಿಎಸ್‌ಟಿ. ಅದನ್ನು 18% ಹಿಡಿದರೆ ₹24,200. ಸರ್ಕಾರಕ್ಕೇ ಮೂವತ್ತೇಳು ಸಾವಿರದ ಮೇಲೆ ಹೋಯ್ತು. ನೀವು ಕೊಟ್ಟ ಶಿಪ್ಪಿಂಗ್ ಪೂರ್ತಿ ₹26,000, ಜೊತೆಗೆ ಕೋಥ್ರೂಡಿನವರು ಹೇಳಿದ ಫೀಗಳು. ಲಕ್ಷದ ವಾದ್ಯ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಒಂದು ಲಕ್ಷ ಅರವತ್ತೈದು ಸಾವಿರದ ಆಸುಪಾಸು.

10, 18 ಅನ್ನೋದು ಲೆಕ್ಕ ತೋರಿಸೋಕೆ ಹಾಕಿದ್ದು. ನಿಮ್ಮ ದರ ತೀರ್ಮಾನ ಆಗೋದು ಮಾಲನ್ನು ಕಸ್ಟಮ್ಸ್ ಪಟ್ಟಿಯ ಯಾವ ನಂಬರಿನಡಿ ಹಾಕುತ್ತಾರೆ ಅನ್ನೋದರ ಮೇಲೆ. ಸ್ಯಾಕ್ಸೋಫೋನ್ 9205ರಲ್ಲಿ ಬರುತ್ತೆ, ಊದುವ ವಾದ್ಯಗಳ ಜಾಗ ಅದು. ಆದರೆ ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ಬಂದ ಮಾಲಿಗೆ 9804 ಅಂತ ಬೇರೆ ನಂಬರಿದೆ, ಅದರ ದರ ಬೇರೆ ಇರಬಹುದು. ಬಜೆಟ್ ಬಂದಾಗ ಈ ದರಗಳನ್ನು ಏರಿಸೋದು ಇಳಿಸೋದು ಮಾಮೂಲಿ. ಅದಕ್ಕೇ ಆರ್ಡರ್ ಹಾಕೋ ಮುಂಚೆ ಕೊರಿಯರಿನವರಿಗೆ ಮೇಲ್ ಮಾಡಿ, "ಯಾವ ನಂಬರಿನಡಿ ಹಾಕುತ್ತೀರಿ, ಇವತ್ತಿನ ದರ ಎಷ್ಟು, ನಿಮ್ಮ ಫೀ ಎಷ್ಟು" ಅಂತ ಮೂರೂ ಕೇಳಿ. ಫೋನಲ್ಲಿ ಬೇಡ, ಮೇಲಲ್ಲಿ.

ಗಿಫ್ಟ್ ಕಥೆ ಹಳೇದು. ಮುಂಚೆ ಸಣ್ಣ ಗಿಫ್ಟಿಗೆ ವಿನಾಯಿತಿ ಇತ್ತು. 2019ರ ಡಿಸೆಂಬರಿನಲ್ಲಿ ಅದಕ್ಕೆ ಬಾಗಿಲು ಹಾಕಿದರು. ಜೀವ ಉಳಿಸೋ ಔಷಧಿ, ರಾಖಿ ಎರಡನ್ನು ಬಿಟ್ಟರು. ರಾಖಿ ಹೆಸರಲ್ಲಿ ಸ್ಯಾಕ್ಸೋಫೋನ್ ಅಂತೂ ಬರಲ್ಲ! ಬೆಲೆ ಕಮ್ಮಿ ಬರೆಸೋ ಯೋಚನೆಯೂ ಬೇಡ. ಅಂಗಡಿಯ ಬೆಲೆ ವೆಬ್‌ಸೈಟಿನಲ್ಲೇ ಇರುತ್ತೆ, ಆಫೀಸರಿಗೆ ನೋಡೋಕೆ ಒಂದು ನಿಮಿಷ ಸಾಕು. ಇನ್ನೊಂದು ವಿಷಯ, ಹತ್ತು ಸಾವಿರ ಅಂತ ಬರೆಸಿದ ವಾದ್ಯ ದಾರಿಯಲ್ಲಿ ನಜ್ಜುಗುಜ್ಜಾದರೆ ವಿಮೆಯವರು ಹತ್ತು ಸಾವಿರಕ್ಕಿಂತ ಜಾಸ್ತಿ ಕೊಡಲ್ಲ.

ಜಪಾನಿನ ಸೆಕೆಂಡ್ ಹ್ಯಾಂಡ್ ಕೈಬಿಡಿ. ಬಳಸಿದ ಮಾಲು ಆಮದಿಗೆ ನಿರ್ಬಂಧ ಇದೆ, ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಪರವಾನಗಿ ಕೇಳುತ್ತಾರೆ. ಇನ್ವಾಯ್ಸ್‌ನಲ್ಲಿ ಯೂಸ್ಡ್ ಅಂತ ಇದ್ದು ಮಾಲು ಸಿಕ್ಕಿಹಾಕಿಕೊಂಡರೆ ಬಿಡಿಸೋ ಖರ್ಚಿನಲ್ಲಿ ಹೊಸದೇ ಬರುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲು ಮುಂಬೈಯ ಧೋಬಿ ತಲಾವ್‌ಗೆ ಹೋಗಿ ಬನ್ನಿ. ಅಲ್ಲಿ ಜರ್ ಮಹಲ್ ಕಟ್ಟಡದಲ್ಲಿ ಫುರ್ಟಾಡೋಸ್ ಇದೆ, 1865ರಿಂದ ನಡೀತಿರೋ ವಾದ್ಯದ ಅಂಗಡಿ. ನೀವು ನೋಡಿದ್ದು ಯಮಹಾದ ವೈಎಎಸ್-280 ಮಾಡೆಲ್ ಆಗಿದ್ದರೆ ಅದು ತಯಾರಾಗೋದು ಇಂಡೋನೇಷ್ಯಾದಲ್ಲಿ. ಇಂಡೋನೇಷ್ಯಾ ಇರೋ ಆಸಿಯಾನ್ ಗುಂಪಿನ ದೇಶಗಳ ಜೊತೆ ನಮಗೆ 2010ರಿಂದ ಸರಕಿನ ಒಪ್ಪಂದ ಇದೆ. ಅಲ್ಲಿಂದ ನೇರ ತರಿಸಿ, ಅಲ್ಲಿ ತಯಾರಾದದ್ದು ಅನ್ನೋ ಸರ್ಟಿಫಿಕೇಟ್ ಕೊಟ್ಟರೆ ಡ್ಯೂಟಿಯಲ್ಲಿ ರಿಯಾಯಿತಿಗೆ ದಾರಿ ಇದೆ. ಒಟ್ಟಿಗೆ ತರಿಸೋ ದೊಡ್ಡ ಆಮದುದಾರರಿಗೆ ಅದು ಸಾಧ್ಯ. ಜರ್ಮನಿಯ ಗೋದಾಮು ಸುತ್ತಿ ಬರೋ ನಿಮ್ಮ ಒಂದು ಡಬ್ಬಕ್ಕೆ ಸಿಗಲ್ಲ. ಕಾಶಿಗೆ ಹೋಗೋಕೆ ಕನ್ಯಾಕುಮಾರಿ ಸುತ್ತಿದ ಹಾಗೆ ಅದು.

ವಾಸ್ಕೋ ಅಕ್ಕ:

ಅಣ್ಣಾ, ಗುಮಾಸ್ತರು ಹೇಳಿದ್ದು ಸರಿ. ಆದರೆ ಅಕ್ಕನ ಮಗನ ಕೈಲಿ ತರಿಸೋದರ ಬಗ್ಗೆ ಅವರು ಹೇಳಲಿಲ್ಲ, ನಾನು ಹೇಳ್ತೀನಿ. ನಾನು ಮಡಗಾಂವ್‌ನಲ್ಲಿ ಪಿಟೀಲು ಹೇಳಿಕೊಡ್ತೀನಿ. ಹೊರದೇಶದಿಂದ ವಾದ್ಯ ತಂದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೀನಿ.

ಹುಡುಗ ಜರ್ಮನಿಯಲ್ಲೇ ವಾಸ ಇರೋನು ಅಲ್ವಾ? ಹಾಗಾದ್ರೆ ಅವನಿಗೆ ಅಲ್ಲಿನ 19% ತೆರಿಗೆ ವಾಪಸ್ ಸಿಗಲ್ಲ. ಯುರೋಪಿಯನ್ ಯೂನಿಯನ್ ಹೊರಗೆ ವಾಸ ಇರೋರಿಗೆ ಮಾತ್ರ ಅದು. ನೀವು ಇಂಡಿಯಾ ಅಂತ ಹಾಕಿದಾಗ ಆ ತೆರಿಗೆ ಕಳೆದು ಇಳಿದ ಬೆಲೆ ಇದೆಯಲ್ಲ, ಅವನು ಅಂಗಡಿಗೆ ಹೋಗಿ ಕೊಂಡರೆ ಆ ಬೆಲೆ ಇಲ್ಲ. ಪೂರ್ತಿ ಕೊಡಬೇಕು. ಶಿಪ್ಪಿಂಗ್ ಉಳಿಯುತ್ತೆ, ತೆರಿಗೆ ಹೋಗುತ್ತೆ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ಇಲ್ಲಿ ಇಳಿದ ಮೇಲೆ ಪ್ರಯಾಣಿಕರಿಗೆ ಒಂದು ಮಿತಿವರೆಗೆ ಡ್ಯೂಟಿ ಇಲ್ಲ. 2016ರ ನಿಯಮದಲ್ಲಿ ₹50,000 ಅಂತ ಇಟ್ಟಿದ್ದರು. ಅವನು ಟಿಕೆಟ್ ಮಾಡಿಸುವಾಗ ಆಗಿನ ಮಿತಿ ಎಷ್ಟು ಅಂತ ಕಸ್ಟಮ್ಸ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಲಿ. ಮಿತಿ ದಾಟಿದರೆ ರೆಡ್ ಚಾನೆಲ್‌ನಲ್ಲಿ (ಡ್ಯೂಟಿ ಕಟ್ಟೋ ಮಾಲು ಇದ್ದವರ ದಾರಿ) ಹೋಗಲಿ, ಬಿಲ್ಲು ಕೈಯಲ್ಲಿಟ್ಟುಕೊಂಡು. ಮಿಕ್ಕಿದ್ದಕ್ಕೆ ಡ್ಯೂಟಿ ಕಟ್ಟಿ ರಸೀದಿ ತಗೊಂಡರೆ ಆಯ್ತು. ಹೆಂಡತಿ ಜೊತೆಗೆ ಬರ್ತಾಳೆ, ಅವಳ ಮಿತಿಯನ್ನೂ ಸೇರಿಸಿ ಅಂದ್ರೆ ಒಪ್ಪಲ್ಲ. ಒಬ್ಬೊಬ್ಬರದು ಬೇರೆ ಬೇರೆ.

ಲಗೇಜಿಗೆ ಹಾಕಬೇಡಿ ಅಂತ ಅವನಿಗೆ ಕಡ್ಡಾಯವಾಗಿ ಹೇಳಿ. ಆಲ್ಟೋ ಕೇಸ್ ಕ್ಯಾಬಿನ್‌ಗೆ ಬಿಡ್ತಾರಾ ಅಂತ ಏರ್‌ಲೈನಿಗೆ ಮೊದಲೇ ಬರೆದು ಕೇಳಲಿ.

ಇನ್ನೂ ಒಂದು. ನಿಮ್ಮ ಮಗ ಮುಂದೆ ಕಛೇರಿಗೆ ದುಬೈಗೋ ಮಸ್ಕತ್‌ಗೋ ಹೋದರೆ, ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಾದ್ಯ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ. ಸೀರಿಯಲ್ ನಂಬರ್ ಬರೆದುಕೊಡ್ತಾರೆ. ಅದಿದ್ದರೆ ವಾಪಸ್ ಬರುವಾಗ ತನ್ನದೇ ವಾದ್ಯಕ್ಕೆ ಡ್ಯೂಟಿ ಕಟ್ಟೋ ಪ್ರಮೇಯ ಇಲ್ಲ.

ಡೊಂಬಿವಲಿ ಅಪ್ಪ:

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಗಿಫ್ಟ್, ಸೆಕೆಂಡ್ ಹ್ಯಾಂಡ್ ಎರಡೂ ಬಿಟ್ಟೆ. ಶನಿವಾರ ಗುರುಗಳನ್ನು ಕರ್ಕೊಂಡು ಧೋಬಿ ತಲಾವ್‌ಗೆ ಹೋಗ್ತೀವಿ. ಅಲ್ಲಿ ಊದಿ ನೋಡೋಕೆ ಬಿಡ್ತಾರಂತೆ, ಅದೇ ದೊಡ್ಡ ವಿಷಯ. ಗುಮಾಸ್ತರೇ, ಒಂದು ವೇಳೆ ಬೇಕಾದ ಮಾಡೆಲ್ ಅಲ್ಲಿ ಇಲ್ಲ, ಹೊರಗಿಂದಲೇ ತರಿಸಬೇಕು ಅಂತಾದರೆ, ಪ್ಯಾಕಿಂಗ್ ಬಗ್ಗೆ ಅಂಗಡಿಯವರಿಗೆ ಏನು ಹೇಳಲಿ? ಎರಡು ಡಬ್ಬ ಅಂದ್ರಲ್ಲ.

ಸಹಾರ್ ಗುಮಾಸ್ತ:

ಹೇಳ್ತೀನಿ. ಹೊಸ ಸ್ಯಾಕ್ಸೋಫೋನಿನ ಕೀಗಳ ಮಧ್ಯೆ ಸಣ್ಣ ಸಣ್ಣ ಕಾರ್ಕ್ ತುಂಡು ಸಿಕ್ಕಿಸಿರ್ತಾರೆ, ಕೀ ಅಲ್ಲಾಡದ ಹಾಗೆ. ಅದನ್ನು ತೆಗೆಯದೆ ಕಳಿಸಿ ಅನ್ನಿ. ಕೆಲವು ಅಂಗಡಿಯವರು ಚೆಕ್ ಮಾಡೋಕೆ ತೆಗೆದು ಮತ್ತೆ ಹಾಕೋದೇ ಇಲ್ಲ. ವಾದ್ಯದ ಕುತ್ತಿಗೆ, ಮೌತ್‌ಪೀಸ್ (ಬಾಯಲ್ಲಿಟ್ಟು ಊದೋ ತುಂಡು) ಎರಡೂ ಬಿಚ್ಚಿ ಬೇರೆ ಬೇರೆ ಸುತ್ತಿರಬೇಕು. ಕೇಸಿನೊಳಗೆ ಮೌತ್‌ಪೀಸ್ ಸುಮ್ನೆ ಉರುಳಾಡಿದರೆ ಅದೇ ಸುತ್ತಿಗೆ ಥರ ಕೀಗಳಿಗೆ ಬಡಿಯುತ್ತೆ. ವಾದ್ಯದ ಅಗಲವಾದ ಬಾಯೊಳಗೆ ಬಬಲ್ ರ‍್ಯಾಪ್ ತುಂಬಿಸಲಿ. ಕೇಸಿಗೂ ಹೊರಡಬ್ಬಕ್ಕೂ ನಡುವೆ ಆರೂ ಕಡೆ ಮೆತ್ತೆ ಇರಲಿ.

ಇನ್ವಾಯ್ಸ್‌ನಲ್ಲಿ ಬರೀ "ಮ್ಯೂಸಿಕ್ ಐಟಂ" ಅಂತ ಬೇಡ. ಹೊಸದು, ಆಲ್ಟೋ ಸ್ಯಾಕ್ಸೋಫೋನ್, ಮಾಡೆಲ್, ಸೀರಿಯಲ್ ನಂಬರ್, ತಯಾರಾದ ದೇಶ, ಬೆಲೆ, ಶಿಪ್ಪಿಂಗ್ ಬೇರೆ, ವಿಮೆ ಬೇರೆ. ಅದರ ಪಿಡಿಎಫ್, ಕಾರ್ಡಿನ ಪೇಮೆಂಟ್ ರಸೀದಿ, ನಿಮ್ಮ ಆಧಾರ್ ಮೂರನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಮೊಬೈಲಿನಲ್ಲಿ ಹಾಕಿಕೊಂಡಿರಿ. ಡಬ್ಬ ಕೈಗೆ ಬಂದಾಗ ಕೊರಿಯರ್ ಹುಡುಗನ ಎದುರೇ ನಾಲ್ಕೂ ಮೂಲೆ ಫೋಟೋ ತೆಗೀರಿ, ಒಳಗೆ ಬಿಚ್ಚೋದನ್ನು ವಿಡಿಯೋ ಮಾಡಿ.

ಅಂಚೆಯಲ್ಲಿ ಕಳಿಸ್ತೀವಿ ಅಂದ್ರೆ ಅದು ಬ್ಯಾಲಾರ್ಡ್ ಪಿಯರ್‌ನ ಫಾರಿನ್ ಪೋಸ್ಟ್ ಆಫೀಸಿಗೆ ಬರುತ್ತೆ. ಖರ್ಚು ಕಮ್ಮಿ, ಕಾಯೋದು ಜಾಸ್ತಿ. ಸ್ಯಾಕ್ಸೋಫೋನಿಗೆ ನಾನಂತೂ ಅಂಚೆ ಹೇಳಲ್ಲ. ರೀಡ್ (ಮೌತ್‌ಪೀಸಿಗೆ ಕಟ್ಟೋ ತೆಳು ಪಟ್ಟಿ) ಡಬ್ಬಿಯನ್ನಾದರೆ ಧಾರಾಳವಾಗಿ ತರಿಸಿ.

ವಾಸ್ಕೋ ಅಕ್ಕ:

ರೀಡ್ ಅಂದಾಗ ನೆನಪಾಯ್ತು. ಶನಿವಾರ ಹೋದಾಗ ಮಗ ತನ್ನ ಮೌತ್‌ಪೀಸ್, ರೀಡ್ ಜೊತೆಗೇ ತಗೊಂಡು ಹೋಗಲಿ. ಅಂಗಡಿಯ ಮೌತ್‌ಪೀಸಿನಲ್ಲಿ ಊದಿದರೆ ವಾದ್ಯ ಬೇರೆ, ಮೌತ್‌ಪೀಸ್ ಬೇರೆ, ಯಾವುದರ ಗುಣ ಯಾವುದು ಅಂತ ತಿಳಿಯಲ್ಲ. ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದಿ ನೋಡಲಿ, ಜೋರಾಗಿ ಊದಿದರೆ ಎಲ್ಲ ವಾದ್ಯವೂ ಕೂಗುತ್ತೆ. ಬೆಲೆ ಎಷ್ಟು ಹೇಳಿದರು ಅಂತ ಇಲ್ಲಿ ಹಾಕಿ ಅಣ್ಣಾ, ನನ್ನ ಒಬ್ಬ ಶಿಷ್ಯನ ತಮ್ಮನಿಗೂ ಒಂದು ಬೇಕಾಗಿದೆ.