ನಕ್ಷೆ ಹೇಳಿದ ಜಾಗಕ್ಕೆ ಹೋಗಿ ಬಂದವರು ಅನುಭವ ಹೇಳ್ತೀರಾ?

ಕೇಳಿದವರು: ತುಮಕೂರಿನ ವಿದ್ಯಾರ್ಥಿ

ಅಣ್ಣಂದಿರೇ, ಅಕ್ಕಂದಿರೇ, ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಜಿಯೋಹ್ಯಾಶಿಂಗ್ ಅಂತ ಒಂದು ಆಟ ಇದೆಯಲ್ಲ, ಅದರಲ್ಲಿ ಲೆಕ್ಕ ಹಾಕಿದರೆ ಆ ದಿನಕ್ಕೆ ಒಂದು ಅಕ್ಷಾಂಶ, ರೇಖಾಂಶ ಬರುತ್ತದೆ. ಅದು ಎಲ್ಲೇ ಬೀಳಲಿ, ಹುಡುಕಿಕೊಂಡು ಹೋಗಬೇಕು. ನಾನು ಮತ್ತು ಗೆಳೆಯ ಈ ಭಾನುವಾರ ಬೈಕಿನಲ್ಲಿ ಮೊದಲ ಸಲ ಹೊರಡಬೇಕು ಅಂತಿದ್ದೇವೆ. ಅಮ್ಮನಿಗೆ ಭಯ. ಬಿಂದು ಯಾರದೋ ಹೊಲದಲ್ಲಿ ಬಿದ್ದರೆ ಏನು ಮಾಡಬೇಕು? ಏನೇನು ನೋಡಿಕೊಂಡು ಹೋಗಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಗೌರಿಬಿದನೂರಿನಿಂದ, ಗಣಿತದ ಮೇಷ್ಟ್ರು

ಹೋಗಿ ಬನ್ನಿ ತಮ್ಮಾ. ನಾನು ಒಂಬತ್ತು ಸಲ ಹೊರಟಿದ್ದೇನೆ, ಐದು ಸಲ ಮುಟ್ಟಿದ್ದೇನೆ. ಮುಟ್ಟದೆ ವಾಪಸ್ ಬಂದ ನಾಲ್ಕು ದಿನಗಳೂ ನನಗೆ ಚೆನ್ನಾಗಿ ನೆನಪಿವೆ.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳಿ, ಆಗ ತಯಾರಿ ಸುಲಭ. 2008ರ ಮೇ ತಿಂಗಳಲ್ಲಿ ಅಮೆರಿಕದ ರಾಂಡಲ್ ಮನ್ರೋ ತಮ್ಮ ವ್ಯಂಗ್ಯಚಿತ್ರವೊಂದರಲ್ಲಿ ಇದನ್ನು ಬರೆದು ತೋರಿಸಿದರು. ಆ ದಿನದ ತಾರೀಕು, ಜೊತೆಗೆ ಅಲ್ಲಿನ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಶುರುವಾದ ಅಂಕಿ. ಎರಡನ್ನೂ ಸೇರಿಸಿ ಎಂಡಿ5 ಎಂಬ ಲೆಕ್ಕಕ್ಕೆ ಕೊಟ್ಟರೆ 32 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ಅದನ್ನು ಮಧ್ಯಕ್ಕೆ ಮುರಿದು ದಶಮಾಂಶಕ್ಕೆ ಬದಲಿಸಿದರೆ ಒಂದರ್ಧ ಅಕ್ಷಾಂಶದ ದಶಮಾಂಶ, ಇನ್ನೊಂದರ್ಧ ರೇಖಾಂಶದ ದಶಮಾಂಶ. ಚುಕ್ಕಿಗೆ ಮುಂಚಿನ ಪೂರ್ಣಾಂಕ ಮಾತ್ರ ನಮ್ಮ ಊರಿನದು. ನಾಳೆಯ ಸೂಚ್ಯಂಕ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಬಿಂದುವನ್ನು ಯಾರೂ ತಮಗೆ ಬೇಕಾದ ಕಡೆ ತಿರುಗಿಸಲು ಆಗುವುದಿಲ್ಲ. ನನಗೆ ಈ ಆಟದಲ್ಲಿ ತುಂಬಾ ಹಿಡಿಸಿದ್ದು ಇದೇ.

ನಮ್ಮ ದೇಶಕ್ಕೆ ಹಿಂದಿನ ದಿನದ ಅಂಕಿಯನ್ನೇ ಬಳಸುವ ನಿಯಮವಿದೆ. ನ್ಯೂಯಾರ್ಕ್ ಪೇಟೆ ತೆರೆಯುವ ಹೊತ್ತಿಗೆ ನಮಗೆ ಸಂಜೆ 7 ಗಂಟೆ, ಅವರ ಚಳಿಗಾಲದಲ್ಲಿ 8. ಶನಿವಾರ, ಭಾನುವಾರ ಪೇಟೆ ಇಲ್ಲ. ಹಾಗಾಗಿ ಶುಕ್ರವಾರ ರಾತ್ರಿಯೇ ಶನಿ, ಭಾನು, ಸೋಮ ಮೂರೂ ದಿನದ ಬಿಂದು ನಿಮ್ಮ ಕೈಲಿರುತ್ತದೆ.

ತುಮಕೂರು, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎಲ್ಲವೂ 13-77ರ ಚೌಕದಲ್ಲಿವೆ, ಅಂದರೆ ಅಕ್ಷಾಂಶದ ಪೂರ್ಣಾಂಕ 13, ರೇಖಾಂಶದ್ದು 77. ಆಂಧ್ರದ ಹಿಂದೂಪುರವೂ ಅದರಲ್ಲೇ ಬರುತ್ತದೆ. ಉದ್ದ 111 ಕಿ.ಮೀ., ಅಗಲ 108 ಕಿ.ಮೀ. ಇರುವ ದೊಡ್ಡ ಚೌಕ. ನಿಮಗೆ ಒಂದು ಅನುಕೂಲ ಇದೆ. 77ರ ಗೆರೆ ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 11 ಕಿ.ಮೀ. ದೂರದಲ್ಲೇ ಹೋಗುತ್ತದೆ. ಗುಬ್ಬಿ, ಶಿರಾ, ತಿಪಟೂರು ಆ ಗೆರೆಯ ಆಚೆ, 76ರ ಚೌಕದಲ್ಲಿವೆ. ಈ ಚೌಕದ ಬಿಂದು ಬೆಟ್ಟದ ನೆತ್ತಿಯ ಮೇಲೆ ಬಿದ್ದರೆ ಪಕ್ಕದ್ದನ್ನೂ ನೋಡಿ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಸಲ 13.30 ಎಂದಿದ್ದನ್ನು 13 ಡಿಗ್ರಿ 30 ನಿಮಿಷ ಅಂತ ಹಾಕಿಬಿಟ್ಟೆ. ಆದರೆ 30 ನಿಮಿಷ ಎಂದರೆ ಅರ್ಧ ಡಿಗ್ರಿ, ಅಂದರೆ 13.50. ಅಷ್ಟಕ್ಕೇ 22 ಕಿ.ಮೀ. ಉತ್ತರಕ್ಕೆ ಹೋಗಿ ನಿಂತಿದ್ದೆವು. ದಶಮಾಂಶದಲ್ಲೇ ಹಾಕಿ. ಐದು ಅಂಕಿ ಸಾಕು, ಐದನೆಯದು ಸುಮಾರು 1 ಮೀಟರ್. ಮೊಬೈಲ್ ಬಟ್ಟಬಯಲಿನಲ್ಲೇ 5 ಮೀಟರ್ ಆಚೀಚೆ ತೋರಿಸುತ್ತದೆ. ನೀಲಗಿರಿ ತೋಪು, ಅಡಿಕೆ ತೋಟದೊಳಗೆ ಇನ್ನೂ ಜಾಸ್ತಿ.

ಹಿಂದಿನ ರಾತ್ರಿ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗ ನೋಡಿ. ಊರು, ಸರ್ವೆ ನಂಬರ್ ಸಿಗುತ್ತದೆ. ಸರ್ವೆ ನಂಬರ್ ಇಟ್ಟುಕೊಂಡು ಪಹಣಿ ನೋಡಿದರೆ ಗೋಮಾಳವೋ, ಯಾರದಾದರೂ ಜಮೀನೋ ತಿಳಿಯುತ್ತದೆ. ನಾನು ಗೋಮಾಳ ಬಂದರೆ ಹಬ್ಬ ಅಂದುಕೊಳ್ಳುತ್ತೇನೆ. ಅರಣ್ಯ ಇಲಾಖೆ ಜಾಗವಾದರೆ ಹೋಗುವುದೇ ಇಲ್ಲ. ಕಲ್ಲಿನ ಕ್ವಾರಿ ಹತ್ತಿರ ಬಿದ್ದರೂ ಬಿಟ್ಟುಬಿಡಿ.

ಇನ್ನು ಜನ. ಒಮ್ಮೆ ಬಾಗೇಪಲ್ಲಿ ಕಡೆ ಬಿಂದು ಬಿತ್ತು. ಹತ್ತಿರದಲ್ಲಿ ಒಂದು ಹಳೇ ಮಂಟಪ, ಎರಡು ವೀರಗಲ್ಲು. ನಾನು ಮೊಬೈಲ್ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಓಡಾಡುತ್ತಿದ್ದೆ. ಕುರಿ ಕಾಯುತ್ತಿದ್ದ ಅಜ್ಜ ದೂರದಿಂದಲೇ "ಏಂ ವೆತುಕುತುನ್ನಾರು?" ಅಂದರು. ಏನು ಹುಡುಕ್ತಿದ್ದೀರಿ ಅಂತ. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರ ಕಣ್ಣಿಗೆ ನಾನು ನಿಧಿ ಅಗೆಯಲು ಬಂದವನು. ಅವರ ಅನುಮಾನದಲ್ಲಿ ತಪ್ಪೇನಿಲ್ಲ. ನಿಧಿಯ ಆಸೆಗೆ ಹಳೇ ಗುಡಿ ಅಗೆಯುವವರು ಇದ್ದಾರೆ, ಕಾವಲು ಕಾಯುವವರು ಊರಿನವರೇ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಷ್ಟ್ರು, ಇವತ್ತಿನ ಲೆಕ್ಕ ಇಲ್ಲಿಗೆ ಬರುತ್ತೆ, ಸುಮ್ನೆ ನೋಡಿಕೊಂಡು ಹೋಗ್ತೀನಿ ಅಂತ ನಕ್ಷೆ ತೋರಿಸಿದೆ. ಅಜ್ಜ ಮೊಬೈಲ್ ನೋಡಿ, ಕೋಲಿನಿಂದ ತೋರಿಸಿ, "ಆ ಹೊಂಗೆ ಮರದ ಆಚೆ ಇರಬೇಕು" ಅಂದರು. ಅಲ್ಲೇ ಇತ್ತು. ಮೂರು ಕಲ್ಲು ಪೇರಿಸಿ ಗುರುತು ಇಟ್ಟವರೂ ಅವರೇ. "ನಾಳೆದು ಎಲ್ಲಿ ಬೀಳುತ್ತೆ?" ಅಂತ ಕೇಳಿದರು. ಹಿಂದೂಪುರದ ಆಚೆ ಅಂದೆ. ಮಗಳನ್ನು ಕೊಟ್ಟಿರುವುದು ಆ ಕಡೆಗೇ ಅಂತೆ. ಅದಾದ ಮೇಲೆ ಅರ್ಧ ಗಂಟೆ ಮಗಳ ವಿಷಯವೇ ಮಾತಾಡಿದೆವು.

ಸುಳ್ಳು ಮಾತ್ರ ಹೇಳಬೇಡಿ. ಕಾಲೇಜು ಪ್ರಾಜೆಕ್ಟ್, ಸರ್ವೆ ಎಂದೆಲ್ಲಾ ಹೇಳಿದರೆ ಅನುಮಾನ ಹೆಚ್ಚಾಗುತ್ತದೆ.

ಕೋಲಾರದಿಂದ

ಮೇಷ್ಟ್ರು ಹೇಳಿದ್ದು ಸರಿ. ನಮ್ಮದು 13-78ರ ಚೌಕ. ನನ್ನದು ಒಂದೇ ಮಾತು, ಉಪಗ್ರಹ ಚಿತ್ರ ಯಾವ ವರ್ಷದ್ದು ಅಂತ ನೋಡಿ. ನನ್ನ ಬಿಂದು ಜಾಲಿ ಬೆಳೆದ ಒಣ ಕೆರೆ ಅಂಗಳದಲ್ಲಿ ತೋರಿಸುತ್ತಿತ್ತು. ಹೋಗಿ ನೋಡಿದರೆ ಕೆರೆ ತುಂಬಿ ನಿಂತಿದೆ! 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಹಳೇ ಚಿತ್ರಕ್ಕೆ ಅದು ಹೇಗೆ ಗೊತ್ತಿರಬೇಕು. ಬಿಂದು ಏರಿಯಿಂದ 140 ಮೀಟರ್ ಒಳಗಿತ್ತು. ನಾನು ಕೋಡಿ ಹತ್ತಿರ ಕೂತು ನೀರುಕೋಳಿ ನೋಡಿಕೊಂಡು ಬಂದೆ. ನನ್ನ ತಂದೆ ಆ ಕೆರೆಯಲ್ಲಿ ಈಜು ಕಲಿತವರು. ಫೋಟೋ ತೋರಿಸಿದೆ, ತುಂಬಾ ಹೊತ್ತು ನೋಡಿದರು.

ನೀರಿಗೆ ಇಳಿಯಬೇಡಿ. ಹೂಳು ತೆಗೆದ ಗುಂಡಿಗಳು ಎಲ್ಲಿವೆ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಹಾಗೇ ಪಾಳು ಬಾವಿ. ಎಷ್ಟೋ ಬಾವಿಗಳಿಗೆ ಕಟ್ಟೆ ಇಲ್ಲ, ಸುತ್ತ ಲಂಟಾನ ಬೆಳೆದಿರುತ್ತದೆ. ಮೊಬೈಲ್ ನೋಡುತ್ತಾ ನಡೆಯಲೇಬೇಡಿ. ನಿಂತು ನೋಡಿ, ಆಮೇಲೆ ನಡೆಯಿರಿ. ಹಂದಿಗೆ ಅಂತ ಕರೆಂಟ್ ಬಿಟ್ಟ ತಂತಿಯೂ ಇರಬಹುದು. ಯಾವ ಬೇಲಿಯನ್ನೂ ಮುಟ್ಟಬೇಡಿ.

ಶಿಡ್ಲಘಟ್ಟ ತಾಲ್ಲೂಕಿನಿಂದ, ರೇಷ್ಮೆ ಬೆಳೆಗಾರ

ನಾನು ಹೋದವನಲ್ಲ. ನನ್ನ ಜಮೀನಿಗೆ ಬಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರು ಹುಡುಗರು. ಬೈಕ್ ರಸ್ತೆಯಲ್ಲಿ ನಿಲ್ಲಿಸಿ ಸೀದಾ ಹಿಪ್ಪುನೇರಳೆ ಸೊಪ್ಪಿನ ತೋಟದ ಮಧ್ಯೆ ಬಂದು ಮೊಬೈಲ್ ಹಿಡಿದು ನಿಂತಿದ್ದಾರೆ. ನಾನು ಊರಲ್ಲಿರಲಿಲ್ಲ. ಅಮ್ಮ ಒಬ್ಬರೇ ಇದ್ದರು. ನಮ್ಮ ಕಡೆ ಕೈಗಾರಿಕೆಗೆ ಜಮೀನು ಹೋಗುತ್ತೆ ಅನ್ನೋ ಮಾತು ಕೇಳಿ ಕೇಳಿ ಜನ ನಿದ್ದೆಗೆಟ್ಟಿದ್ದಾರೆ. ಹೊಲದಲ್ಲಿ ಯಾರೋ ನಿಂತು ಅಳತೆ ನೋಡಿದ ಹಾಗೆ ಕಂಡರೆ ಎದೆ ಧಸಕ್ ಅನ್ನುತ್ತೆ. ಅಮ್ಮ ನನಗೆ ಫೋನ್ ಮಾಡಿ "ಸರ್ವೇಯವರು ಬಂದವ್ರೆ ಕಣಪ್ಪಾ" ಅಂದರು. ನಾನು ವಾಪಸ್ ಬರುವ ತನಕ ಊಟ ಮಾಡಿರಲಿಲ್ಲ. ಹುಡುಗರು ಅಷ್ಟರಲ್ಲಿ ಹೋಗಿಯಾಗಿತ್ತು. ಒಳ್ಳೆಯ ಹುಡುಗರೇ ಇರಬೇಕು, ಒಂದು ಗಿಡವೂ ಮುರಿದಿರಲಿಲ್ಲ. ತಿಂಗಳಾದ ಮೇಲೆ ಮೇಷ್ಟ್ರ ಕಡೆಯಿಂದ ನನಗೆ ಈ ಆಟದ ವಿಷಯ ತಿಳಿಯಿತು.

ಇನ್ನೊಂದು. ಹುಳು ನಾಲ್ಕನೇ ಜ್ವರ (ಪೊರೆ ಕಳಚುವುದನ್ನು ನಾವು ಜ್ವರ ಅಂತೀವಿ) ಎದ್ದ ಮೇಲೆ ಮೇಯುವುದು ಜಾಸ್ತಿ, ದಿನಾ ಸೊಪ್ಪು ಕೊಯ್ಯುತ್ತೇವೆ. ಸೊಳ್ಳೆಗೆ ಅಂತ ಮೈಗೆ ಔಷಧಿ ಹಚ್ಚಿಕೊಂಡು ಸೊಪ್ಪು ಮುಟ್ಟಬೇಡಿ. ಔಷಧಿ ತಾಗಿದ ಸೊಪ್ಪು ತಿಂದರೆ ಹುಳು ಸಾಯುತ್ತದೆ. ಹುಳು ಮನೆಯೊಳಗೆ ಕರೆಯದೆ ಹೋಗಲೇಬೇಡಿ.

ನೀವು ಬರುವುದು ನಮಗೆ ಬೇಜಾರಲ್ಲ ತಮ್ಮಾ. ಮೊದಲು ಮನೆಗೆ ಬನ್ನಿ, ಆಮೇಲೆ ಹೊಲಕ್ಕೆ ಹೋಗಿ. "ಸರ್ವೇಯವರಲ್ಲ" ಅನ್ನೋದನ್ನ ಮೊದಲ ಮಾತಾಗಿ ಹೇಳಿ. ನಾನೇ ಜೊತೆಗೆ ಬಂದು ತೋರಿಸ್ತೀನಿ.

ತುಮಕೂರಿನಿಂದ, ಅಕ್ಕ ತಂಗಿ ಜೊತೆಗೆ ಹೋಗುವವರು

ಅಮ್ಮನ ಭಯಕ್ಕೆ ನಾವು ಮಾಡಿಕೊಂಡ ಉಪಾಯ ಹೇಳ್ತೀನಿ. ಹೊರಡುವ ಮುಂಚೆ ಬಿಂದುವಿನ ಲೊಕೇಶನ್, ಹತ್ತಿರದ ಊರಿನ ಹೆಸರು, ವಾಪಸ್ ಹೊರಡುವ ಗಂಟೆ ಮೂರನ್ನೂ ಬರೆದು ಅಡುಗೆಮನೆಯಲ್ಲಿ ಅಂಟಿಸುತ್ತೇವೆ. ಎಷ್ಟೇ ಹತ್ತಿರ ಬಂದಿರಲಿ, 4 ಗಂಟೆಗೆ ತಿರುಗುತ್ತೇವೆ. ದೇವರಾಯನದುರ್ಗದ ಕಡೆ ಕರಡಿ, ಚಿರತೆ ಇವೆ, ಸಂಜೆ ಗುಡ್ಡದ ಬುಡದಲ್ಲಿ ಇರಬಾರದು. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಪವರ್ ಬ್ಯಾಂಕ್ ಇಟ್ಟುಕೊಳ್ಳಿ, ತಲಾ ಎರಡು ಲೀಟರ್ ನೀರು. ದಪ್ಪ ಅಟ್ಟೆಯ ಶೂ ಹಾಕಿ, ಜಾಲಿ ಮುಳ್ಳು ಚಪ್ಪಲಿಯನ್ನು ಸೀಳಿಕೊಂಡು ಬರುತ್ತದೆ. ಬೈಕಿನ ಟೈರನ್ನೂ ಬಿಡುವುದಿಲ್ಲ. ರಾಗಿ ಕೊಯ್ಲು ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ ಓಡಾಡುವುದು ಸುಲಭ. ಪೈರು ನಿಂತಿರುವಾಗ ಬದುವಿನ ಮೇಲೇ ನಡೆಯಿರಿ.

ಭಾನುವಾರದ್ದು ತೀರಾ ಕಷ್ಟದ ಜಾಗ ಆದರೆ ಬೇಜಾರು ಮಾಡಿಕೊಳ್ಳಬೇಡಿ, ಕುಣಿಗಲ್‌ಗೆ ಹೋಗಿ. 13 ಡಿಗ್ರಿ ಅಕ್ಷಾಂಶ, 77 ಡಿಗ್ರಿ ರೇಖಾಂಶ ಸರಿಯಾಗಿ ಸೇರುವ ಜಾಗ ಪಟ್ಟಣದ ನೈಋತ್ಯಕ್ಕೆ, ಹತ್ತಿರದಲ್ಲೇ ಇದೆ. ಹೀಗೆ ಪೂರ್ಣಾಂಕಗಳು ಸೇರುವ ಜಾಗಗಳಿಗೆ ಹೋಗಿ ಫೋಟೋ ತೆಗೆಯುವ ಕೆಲಸವನ್ನು 1996ರಲ್ಲಿ ಅಮೆರಿಕದ ಅಲೆಕ್ಸ್ ಜಾರೆಟ್ ಶುರು ಮಾಡಿದರು. ಈ ಬಿಂದು ದಿನಾ ಬದಲಾಗುವುದಿಲ್ಲ. ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ನಮ್ಮಮ್ಮ ಬಂದಿದ್ದರು.

ಕೇಳಿದವರು: ತುಮಕೂರಿನ ವಿದ್ಯಾರ್ಥಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಶುಕ್ರವಾರ, ಈಗ ಲೆಕ್ಕ ಹಾಕಿದೆ. ಭಾನುವಾರದ್ದು ಮಧುಗಿರಿ ತಾಲ್ಲೂಕಿನಲ್ಲಿ, ರಸ್ತೆಯಿಂದ 400 ಮೀಟರ್ ಒಳಗೆ ಬಿದ್ದಿದೆ. ದಿಶಾಂಕ್‌ನಲ್ಲಿ ಸರ್ವೆ ನಂಬರ್ ಸಿಕ್ಕಿತು, ಯಾರದೋ ಜಮೀನು. ಪಕ್ಕದಲ್ಲಿ ಒಂದು ಹೆಂಚಿನ ಮನೆ ಕಾಣುತ್ತದೆ. ಮೊದಲು ಆ ಮನೆಗೇ ಹೋಗುತ್ತೇವೆ. ಅಮ್ಮನಿಗೆ ನಿಮ್ಮ ಮಾತುಗಳನ್ನೆಲ್ಲ ಓದಿ ಹೇಳಿದೆ. ಆ ಮನೆಯವರಿಗೂ ಸೇರಿಸಿ ಕೋಡುಬಳೆ ಮಾಡಿಕೊಡ್ತೀನಿ ಅಂದರು. ಒಂದೇ ಅನುಮಾನ ಉಳಿದಿದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ?

ಶಿಡ್ಲಘಟ್ಟ ತಾಲ್ಲೂಕಿನಿಂದ, ರೇಷ್ಮೆ ಬೆಳೆಗಾರ

ಅಕ್ಕಪಕ್ಕದ ಹೊಲದಲ್ಲಿ ಯಾರಾದರೂ ಇರ್ತಾರೆ, ಕೂಗಿ ನೋಡಿ. ಯಾರೂ ಓಗೊಡಲಿಲ್ಲ ಅಂದರೆ ಬದುವಿನ ಮೇಲೇ ನಿಂತು ಫೋಟೋ ತೆಗೆದುಕೊಂಡು ಬನ್ನಿ. ಕೋಡುಬಳೆ ಬಾಗಿಲ ಹತ್ತಿರ ಇಡಬೇಡಿ, ನಾಯಿ ತಿನ್ನುತ್ತೆ.